ಟ್ಯಾಂಕರ್ ಕಟ್ಟೆಯ ಇಪ್ಪತ್ತೊಂದನೇ ಕಲ್ಲು

ಅಪ್ಪನ ಬೆರಳು ಹೋದದ್ದು ಕಾಲುವೆಯ ಕಲ್ಲಿನ ಮೇಲೆ ಬಿದ್ದು ಎಂದು ನಮ್ಮ ವಸ್ತಿಯ ಎಲ್ಲರೂ ಹೇಳುತ್ತಾರೆ. ಎಲ್ಲರೂ ಹೇಳುತ್ತಾರೆ ಎನ್ನುವುದು ಪುರಾವೆಯಲ್ಲ. ಬಿದ್ದವನ ಎರಡು ಬೆರಳು ಅಷ್ಟು ನೇರವಾಗಿ ತುಂಡಾಗುವುದು ಹೇಗೆ? ಕಾಲುವೆ ಇರುವುದು ಟ್ಯಾಂಕರ್ ಕಟ್ಟೆಯಿಂದ ನೂರು ಹೆಜ್ಜೆ ಆಚೆ. ರಕ್ತ ಇದ್ದದ್ದು ಕಟ್ಟೆಯ ಮೇಲೆ.

ವಸ್ತಿ ಎಂದರೆ ಹೊಲಗಳ ನಡುವಿನ ಸಣ್ಣ ಊರು, ಮಹಾರಾಷ್ಟ್ರದ ಬಾರಾಮತಿಯಿಂದ ಮುಂದೆ. ಮೂರು ಕಡೆ ಕಬ್ಬು, ಒಂದು ಕಡೆ ಕಾಲುವೆ. ದಿಬ್ಬದ ಮೇಲೆ ಇಪ್ಪತ್ತು ಮನೆ, ಕೆಳಗೆ ನಮ್ಮದೊಂದೇ. ಅಪ್ಪ ಕಲಬುರಗಿ ಕಡೆಯಿಂದ ಕಾಲುವೆ ಕೆಲಸಕ್ಕೆ ಬಂದು ಅಲ್ಲೇ ಉಳಿದವನು. ಕಬ್ಬು ಆಳೆತ್ತರ ಬೆಳೆದರೆ ನಾವು ಮೇಲಿನವರಿಗೆ ಕಾಣುತ್ತಲೂ ಇರಲಿಲ್ಲ. ಕಾಲುವೆಯ ನೀರು ಕಬ್ಬಿಗೆ, ಕುಡಿಯಲು ಟ್ಯಾಂಕರ್. ಅದು ನಿಲ್ಲುವ ಕಟ್ಟೆಯ ಮೇಲೆ ಕೊಡದ ಸರದಿಗೆ ಮೇಲಿನ ಮನೆಗೊಂದು ಚಪ್ಪಟೆ ಕಲ್ಲು, ಯಾರು ಮೊದಲು ಬಂದು ನೆಲೆಸಿದರೋ ಆ ಸಾಲಿನಲ್ಲಿ. ವಸ್ತಿಯಲ್ಲಿ ಎಷ್ಟು ಮನೆ ಎಂದು ಯಾರಾದರೂ ಕೇಳಿದರೆ ಆ ಕಲ್ಲುಗಳನ್ನೇ ತೋರಿಸುತ್ತಿದ್ದರು. ಕಲ್ಲಿಲ್ಲದ ನಮಗೆ ಕೊನೆಗೆ ಉಳಿದ ನೀರು.

ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದು ಬೇಸಿಗೆ ರಜೆಗೆ ನಾನು ಬಂದಿದ್ದೆ. ದಿಬ್ಬದ ಕೊನೆಯ ಮನೆಗೆ ಸೊಸೆಯಾಗಿ ಬಂದವಳನ್ನು ನಾನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ; ಮೇಲಿನವರಲ್ಲಿ ಕನ್ನಡ ಬರುತ್ತಿದ್ದುದು ಅವಳೊಬ್ಬಳಿಗೇ. ವಸ್ತಿಯ ಹಿರಿಯರನ್ನು ಒಪ್ಪಿಸಿ ಅವಳು ಸಂಜೆ ನಮ್ಮಲ್ಲಿಗೆ ಬಂದಳು.

"ನಾಳೆ ನಿಮ್ಮ ಕಲ್ಲ ಇಡ್ರಿ, ಅಣ್ಣಾರ. ನನ್ನ ಕಲ್ಲಿನ ಹಿಂದ ಇಡ್ರಿ. ಯಾರೂ ಏನೂ ಅನ್ನಂಗಿಲ್ಲ."

ಅಪ್ಪ ಒಪ್ಪಿದ. ನಾನು ಬಿಡಲಿಲ್ಲ. ಕಟ್ಟೆಗೆ ಎಲ್ಲರಿಗಿಂತ ಹತ್ತಿರ ಇರುವುದು ನಮ್ಮ ಮನೆ, ಕೊನೆಯಲ್ಲಿ ಯಾಕೆ ಎಂದೆ. ಹಳಬರು ಮೊದಲು ಅನ್ನುವುದಾದರೆ ಅವರ ಕಬ್ಬಿಗೆ ಕಾಲುವೆ ಕಟ್ಟಿಕೊಟ್ಟವರು ಯಾರು ಎಂದೆ.

"ನಿನ್ನ ಜೋಡಿ ವಾದ ಮಾಡಿ ಗೆದ್ದವರ್ಯಾರು, ಬಿಡು," ಎಂದು ಅಪ್ಪ ನಕ್ಕ. ಬೆಳಿಗ್ಗೆ ನಮ್ಮ ಕಲ್ಲನ್ನು ಸಾಲಿನ ಮುಂದಿನ ತುದಿಗೆ, ಮೊದಲ ಮನೆಯ ಕಲ್ಲಿಗಿಂತಲೂ ಮೊದಲು ಇಟ್ಟ.

ಮೊದಲ ಮನೆಯ ಹಿರಿಮಗ ಕಬ್ಬು ಕಡಿಯುವ ಕೊಯ್ತಾ ಹಿಡಿದೇ ಬಂದ. ನಮ್ಮ ಕೊಡ ಒದ್ದ. ಅಪ್ಪ ಎರಡೂ ಕೈಯಿಂದ ಕಲ್ಲನ್ನು ಒತ್ತಿ ಹಿಡಿದು ಕುಳಿತ. ಮೂವರು ಬೆನ್ನಿಗೆ ಒದ್ದರು. ಒಬ್ಬ ಕೂದಲು ಹಿಡಿದು ಮುಖವನ್ನು ಕಟ್ಟೆಗೆ ಜಜ್ಜಿದ. ಹಲ್ಲು ಮುರಿದದ್ದು ನನಗೆ ಕೇಳಿಸಿತು. ಅಪ್ಪ ಕೈ ತೆಗೆಯಲಿಲ್ಲ. ಕೊಯ್ತಾದ ಮೊದಲ ಏಟು ಕಲ್ಲಿಗೆ ಬಿದ್ದು ಕಿಡಿ ಹಾರಿತು. ಎರಡನೆಯ ಏಟಿಗೆ ಕೈ ಹಿಂದೆ ಬಂತು, ಬೆರಳುಗಳು ಕಲ್ಲಿನ ಮೇಲೆಯೇ ಉಳಿದವು.

ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಮಾವಶಿ ತನ್ನ ಕಲ್ಲಿನ ಬಳಿ ಕೊಡ ಹಿಡಿದು ನಿಂತಿದ್ದಳು. ಪೊಲೀಸರು ಬಂದಾಗ ಕಾಲುವೆಯ ಕಥೆಯನ್ನು ಮೊದಲು ಹೇಳಿದವಳು ಅವಳೇ. ಉಳಿದ ಮನೆಗಳವರೂ ಅದನ್ನೇ ಹೇಳಿದರು.

ಈಗ ನಾವಿರುವುದು ಪುಣೆಯ ವಾಕಡದಲ್ಲಿ. ಕಳೆದ ತಿಂಗಳು ಮಾವಶಿ ಮಗಳ ಮದುವೆಗೆ ಕರೆಯಲು ಬಂದಳು. ಅಪ್ಪ ಮೂರು ಬೆರಳಲ್ಲಿ ಚಹಾದ ಕಪ್ಪು ಎತ್ತುವುದನ್ನು ನೋಡುತ್ತ, ಆ ಕಾಲುವೆ ಕಲ್ಲು ಭಾಳ ಕೆಟ್ಟದ್ದು ಅಂದಳು. ಅಪ್ಪ ಹೌದ್ರಿ ಅಂದ. ನನಗೆ ಅವಳ ಸುಳ್ಳನ್ನು ಬಯಲಿಗೆಳೆಯುವುದು ಕಷ್ಟವಿರಲಿಲ್ಲ. ರಿಕ್ಷಾದವರೆಗೆ ಬಿಡಲು ಹೋದಾಗ ಬೇರೆಯದನ್ನೇ ಕೇಳಿದೆ.

"ಮಾವಶಿ, ಅವತ್ತ ಅಪ್ಪ ನಿಮ್ಮ ಹಿಂದ ಕಲ್ಲ ಇಟ್ಟಿದ್ರ, ಖರೇನ ಯಾರೂ ಏನೂ ಅಂತಿರಲಿಲ್ಲೇನ್ರಿ?"