ಜವರಪ್ಪನ ಜೀಪಿನ ಕಿರುಚು

ಮಗ್ಗೆ ಕಡೆಯ ಜವರಪ್ಪನ ಜೀಪು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಿತ್ತು. ಫ್ಯಾನ್ ಬೆಲ್ಟು ಸವೆದು, ಏರು ಸಿಕ್ಕಿ ಗೇರು ಬದಲಿಸಿದಾಗಲೆಲ್ಲ ಕೀಈಈ ಅಂತ ಕಿರುಚುತ್ತಿತ್ತು. ಬೇರೆ ಯಾರಾದರೂ ಮಾರನೆಯ ದಿನವೇ ಅದನ್ನು ಕಿತ್ತೆಸೆಯುತ್ತಿದ್ದರು. ಇವನು ಒಂದು ವರ್ಷ ಹಾಗೇ ಓಡಿಸಿದ. ಸೋಮಾರಿ ಅಂದುಕೊಳ್ಳಬೇಡಿ, ನಟ್ಟು ಬೋಲ್ಟು ಕೈಗೆ ಸಿಕ್ಕರೆ ಊಟ ಮರೆಯುವ ಆಸಾಮಿ. ಕಾಫಿ ಹಣ್ಣು ಕುಯ್ಯುವ ಹೆಂಗಸರು ಬಿಟ್ಟಿರಲಿಲ್ಲ, ಅಷ್ಟೆ.

ಅವರನ್ನು ಬೆಳಿಗ್ಗೆ ತೋಟಕ್ಕೆ, ಸಂಜೆ ಮನೆಗೆ ಸಾಗಿಸುವುದು ಅವನ ಕೆಲಸ. ಇರುವುದೊಂದೇ ದಾರಿ, ಅದರಲ್ಲೊಂದು ಒಂಟಿ ಸಲಗ ಸೇರಿಕೊಂಡಿತ್ತು. ಹೋದ ಕೊಯ್ಲಿನಲ್ಲಿ ತೋಟದ ಕಾವಲುಗಾರ ಕೆಂಚಯ್ಯನನ್ನು ತುಳಿದದ್ದು ಅದೇ. ಆದರೆ ಬೆಲ್ಟು ಕಿರುಚಲು ಶುರುವಾದ ಮೇಲೆ ಅದು ಜೀಪಿನ ಎದುರಿಗೆ ಒಮ್ಮೆಯೂ ಬರಲಿಲ್ಲ. ಸದ್ದಿಗೆ ಹೆದರುತ್ತೆ ಅಂತ ಹೆಂಗಸರು ತೀರ್ಮಾನಿಸಿಬಿಟ್ಟರು. ಆಯುಧಪೂಜೆಯ ದಿನ ಬಾನೆಟ್ ಎತ್ತಿಸಿ ಆ ಬೆಲ್ಟಿಗೇ ಕುಂಕುಮ ಇಟ್ಟರು!

“ಏನಾದ್ರೂ ರಿಪೇರಿ ಮಾಡ್ಕಳ್ಳಿ, ಅದೊಂದ್ ಮುಟ್ಬ್ಯಾಡಿ ಕಣ್ರೀ,” ಅನ್ನುತ್ತಿದ್ದಳು ಹೆಂಡತಿ ಗಂಗಾಮಣಿ. ಅವಳೂ ಅದೇ ಜೀಪಿನಲ್ಲಿ ಕೊಯ್ಲಿಗೆ ಹೋಗುವವಳು.

ಈ ಸಲ ಆ ಬೆಲ್ಟು ತಿರುಗಿಸುವ ಡೈನಮೋದ ಬೇರಿಂಗೇ ಹೋಯಿತು. ಬ್ಯಾಟರಿ ಚಾರ್ಜ್ ಆಗದೆ ಹೆಡ್‌ಲೈಟು ಮಂಕಾಯಿತು. ಆ ದಾರಿಯಲ್ಲಿ ಬೆಳಕಿಲ್ಲದೆ ಹೋಗುವುದುಂಟೇ? ಸಕಲೇಶಪುರದಿಂದ ಸಾಮಾನು ತಂದು, ಭಾನುವಾರ ಮನೆ ಮುಂದಿನ ಕಣದಲ್ಲಿ ಜೀಪು ನಿಲ್ಲಿಸಿಕೊಂಡ. ಬ್ಯಾಟರಿ ತಂತಿ ಬಿಚ್ಚಿ, ಡೈನಮೋ ಸಡಿಲಿಸಿ ಬೆಲ್ಟು ಕಳಚಿದರೆ ಅದು ಕೈಯಲ್ಲೇ ಎಳೆಎಳೆಯಾಗಿ ಬಿಟ್ಟುಕೊಂಡಿತು. ಮತ್ತೆ ಹಾಕುವ ಮಾತೇ ಇರಲಿಲ್ಲ. ಹೊಸ ಡೈನಮೋ ಕೂರಿಸಿ, ಹೊಸ ಬೆಲ್ಟು ತೊಡಿಸಿ, ಹಾರೆಯಿಂದ ಮೀಟಿ ಬಿಗಿ ಮಾಡಿ, ಹೆಬ್ಬೆರಳಲ್ಲಿ ಒತ್ತಿ ನೋಡಿದ. ಸ್ಟಾರ್ಟ್ ಮಾಡಿದಾಗ ಬರೀ ಇಂಜಿನ್ನಿನ ಗುಡುಗುಡು. ಒಳ್ಳೆಯ ಕೆಲಸ ಮಾಡಿ ಇಷ್ಟು ಹೆದರಿದ್ದು ಅವನ ಜನ್ಮದಲ್ಲೇ ಇಲ್ಲ.

“ಅದ್ರ ಬಾಯಿ ಕಟ್ಬುಟ್ರಲ್ಲ,” ಅಂದಳು ಗಂಗಾಮಣಿ.

ಮರುದಿನ ಸಂಜೆ ಹೆಂಗಸರು ಒಬ್ಬರಿಗೊಬ್ಬರು ಅಂಟಿಕೊಂಡು ಕೂತರು. ಗಂಗಾಮಣಿಗೆ ಸಿಕ್ಕಿದ್ದು ಹಿಂದೆ ಎಡಗಡೆಯ ಅಂಚು. ಹೆಡ್‌ಲೈಟು ಚೆನ್ನಾಗಿಯೇ ಉರಿಯುತ್ತಿತ್ತು, ಆದರೆ ಅದರಲ್ಲಿ ಕಾಣಿಸುತ್ತಿದ್ದುದು ಮಂಜೊಂದೇ. ಏರಿನಲ್ಲಿ ಜವರಪ್ಪ ಗೇರು ಬದಲಿಸಿದ.

ಕೀಈಈ.

“ಅಬ್ಬಾ, ಬಂತಲ್ಲ ಸದ್ದು! ಹಳೇದ್ನೇ ಹಾಕಿದೀಯಾ ಜವರಣ್ಣ?” ಕೊಯ್ಲಿನ ನೇತ್ರಾವತಿ ನಕ್ಕೇಬಿಟ್ಟಳು.

ತಾನು ಕೂರಿಸಿದ ಬೆಲ್ಟು ಕಿರುಚುವುದಿಲ್ಲ ಅಂತ ಜವರಪ್ಪನಿಗೆ ಗೊತ್ತು. ಹ್ಯಾಂಡ್‌ಬ್ರೇಕ್ ಎಳೆದು ಇಂಜಿನ್ ಆರಿಸಿದ. ಸದ್ದು ನಿಲ್ಲಲಿಲ್ಲ. ಎಡಗಡೆಯ ಕಾಫಿ ಗಿಡಗಳ ಒಳಗಿಂದ, ಸವೆದ ಬೆಲ್ಟಿನ ದನಿಯಲ್ಲೇ, ಗೇರು ಬದಲಿಸುವಲ್ಲಿ ಚೂರು ತಡೆದು ಮತ್ತೆ ಏರುವ ಅದೇ ರಾಗ. ಹಿಂದೆಯೇ ಒಂದು ಕೊಂಬೆ ಲಟ್ಟನೆ ಮುರಿಯಿತು.

ಅಯ್ಯೋ ದೇವರೇ, ಆ ಸಲಗ ಯಾವತ್ತೂ ಹೆದರಿ ಓಡಿರಲೇ ಇಲ್ಲ. ವರ್ಷವಿಡೀ ಪಕ್ಕದಲ್ಲೇ ನಡೆದು ಬಂದು ಕಲಿತುಕೊಂಡಿತ್ತು. ದಿನಾ ಕೇಳಿದ ಕಿರುಚಿನಲ್ಲಿ ಬೆಲ್ಟಿನದೆಷ್ಟು, ಅದರದೆಷ್ಟು, ಯಾರಿಗೆ ಗೊತ್ತು!

“ಯಾಕ್ರೀ ಆಫ್ ಮಾಡ್ಬುಟ್ರಿ?” ಗಂಗಾಮಣಿ ಹಿಂದಿನಿಂದ ಕೇಳಿದಳು.

“ಮಧ್ಯಕ್ಕೆ ಸರ್ಕ, ಗಂಗಾ,” ಅನ್ನಲು ಹಿಂದಕ್ಕೆ ತಿರುಗಿದ.

ಅಷ್ಟರಲ್ಲಿ ಗುಡುಗುಡು ಶುರುವಾಯಿತು.

“ಹಾಂ, ಸ್ಟಾರ್ಟ್ ಆಯ್ತು. ಹೊರಡಿ ಮತ್ತೆ,” ಅಂದಳು ಗಂಗಾಮಣಿ.

ಜವರಪ್ಪ ಇನ್ನೂ ಕೀ ತಿರುಗಿಸಿರಲಿಲ್ಲ.