ಅಂಚೆಗೆ ಹಾಕದ ಎರಡು ಫಾರಂ

ಗಿರೀಶ, ನಿನ್ನ ಅವ್ವ ನಿನ್ನನ್ನು ನೋಡಲು ಬಂದಿದ್ದರು. ಜೈಲಿನ ಬೇಲಿಯ ತನಕ ಬಂದಿದ್ದರು. ಅವರಿಗೆ ಬರಲು ಮನಸ್ಸಿಲ್ಲ, ಒತ್ತಾಯ ಮಾಡಬೇಡ ಎಂದು ನಿನಗೆ ಬರೆದೆನಲ್ಲ — ಅದು ಅವರ ಮಾತಲ್ಲ. ನಾನು ಕಟ್ಟಿದ್ದು.

ಮೊದಲ ಸಾಲಿನಲ್ಲೇ ಹೇಳಿಬಿಟ್ಟೆ, ಏಕೆಂದರೆ ನನ್ನ ಬುದ್ಧಿ ನನಗೆ ಗೊತ್ತು. ಪೀಠಿಕೆ ಹಾಕಲು ಶುರು ಮಾಡಿದರೆ, ಮುಗಿಯುವಷ್ಟರಲ್ಲಿ ತಪ್ಪು ನಿನ್ನದೇ ಅನ್ನಿಸುವ ಹಾಗೆ ಮಾಡಿರುತ್ತೇನೆ. ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು ನಾನು, ಇನ್ನೊಬ್ಬರ ಕೆಲಸದಲ್ಲಿ ಹುಳುಕು ಹುಡುಕುವುದೇ ಹೊಟ್ಟೆಪಾಡು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಬೇರೆಯವರ ತಟ್ಟೆಯ ನೊಣ ತೋರಿಸುತ್ತಾರೆ ಅನ್ನುತ್ತಾರಲ್ಲ, ಆ ಪೈಕಿ. ಆರು ವರ್ಷ ಆ ಹೆಗ್ಗಣದ ಮೇಲೆ ಎಲೆ ಮುಚ್ಚಿಕೊಂಡು ಕೂತಿದ್ದೇನೆ.

ನಾನು ಈ ದೇಶಕ್ಕೆ ಬಂದದ್ದೇ ನಿನ್ನಿಂದ. ಡಲ್ಲಾಸ್ ಪಕ್ಕದ ಲಾಸ್ ಕೊಲಿನಾಸ್‌ನಲ್ಲಿ ಎರಡೇ ಕೋಣೆಯ ನಿನ್ನ ಕನ್ಸಲ್ಟಿಂಗ್ ಕಂಪನಿ ನನ್ನ ವೀಸಾ ಮಾಡಿಸಿತು. ಏರ್‌ಪೋರ್ಟಿಗೆ ನೀನೇ ಬಂದೆ. ಭಾನುವಾರಗಳಲ್ಲಿ ಆಫೀಸುಗಳ ಖಾಲಿ ಪಾರ್ಕಿಂಗ್‌ಗೆ ಕರೆದುಕೊಂಡು ಹೋಗಿ ನಿನ್ನ ಕಾರಿನಲ್ಲೇ ಡ್ರೈವಿಂಗ್ ಕಲಿಸಿದೆ. ನಾನು ದೀಪದ ಕಂಬಕ್ಕೆ ಗುದ್ದಿದಾಗ ನೀನು, ಕಂಬವೇ ಅಡ್ಡ ಬಂತು ಬಿಡು ಎಂದು ನಕ್ಕೆ. ಆದರೆ ನನ್ನ ವೀಸಾ ಕಾಗದದಲ್ಲಿ ಬರೆದಿದ್ದ ಕೆಲಸ ಎಲ್ಲೂ ಇರಲಿಲ್ಲ. ಎರಡೂವರೆ ತಿಂಗಳು ಸುಮ್ಮನೆ ಕೂತಿದ್ದು, ಆಮೇಲೆ ಪ್ಲೇನೊ ಊರಿನಲ್ಲಿ ನಿಜವಾದ ಕೆಲಸಕ್ಕೆ ಸೇರಿಕೊಂಡೆ. ಮುಂದೆ ಅಂಥ ಸುಳ್ಳು ಪತ್ರಗಳಿಗೆ ಸಹಿ ಮಾಡಿದ್ದಕ್ಕೇ ನಿನ್ನನ್ನು ಹಿಡಿದರು. ನೀನು ತಪ್ಪು ಒಪ್ಪಿಕೊಂಡೆ, ಮೂವತ್ತು ತಿಂಗಳ ಶಿಕ್ಷೆಯಾಯಿತು. ನನ್ನ ಮನೆಗೆ ಮಾತ್ರ ಯಾರೂ ಬರಲಿಲ್ಲ, ಏನೂ ಕೇಳಲಿಲ್ಲ. ನೀನು ಮಾಡಿದ್ದು ಸರಿ ಎನ್ನುತ್ತಿಲ್ಲ. ಆದರೆ ಆ ತಪ್ಪಿನ ಅನ್ನ ಉಂಡವರಲ್ಲಿ ನಾನೂ ಒಬ್ಬಳು.

ಡಲ್ಲಾಸ್ ಮುಗಿದು ಹೊಲಗಳು ಶುರುವಾಗುವ ಕಡೆ ಇದ್ದ ಆ ಫೆಡರಲ್ ಜೈಲಿನಿಂದ ನೀನು ನನಗೆ ಉದ್ದುದ್ದ ಕಾಗದ ಬರೆಯುತ್ತಿದ್ದೆ. ಲೋ ಸೆಕ್ಯುರಿಟಿ ಜೈಲು, ಸಿನಿಮಾದಲ್ಲಿ ನೋಡಿದ ಹಾಗೆ ಕಂಬಿ ಇಲ್ಲ ಎಂದು ನನ್ನನ್ನೇ ಸಮಾಧಾನ ಮಾಡುತ್ತಿದ್ದೆ. ಅರ್ಧ ಗೋಡೆಯ ಗೂಡುಗಳು, ಇಬ್ಬರಿಗೆ ಮೇಲೊಂದು ಕೆಳಗೊಂದು ಮಂಚ. ಬೆಳಿಗ್ಗೆ ಲಾಂಡ್ರಿ ಕೆಲಸ, ಮಧ್ಯಾಹ್ನ ಸ್ಕೂಲು ಮುಗಿಸದ ಕೈದಿಗಳಿಗೆ ಗಣಿತ ಪಾಠ. ಆ ಜಾಗದ ಹಳೇ ಕಥೆಯನ್ನೂ ಬರೆದಿದ್ದೆ — ಮೊದಲು ಹೆಂಗಸರಿಗಾಗಿ ಕಟ್ಟಿದ್ದಂತೆ, ಯುದ್ಧದ ಕಾಲದಲ್ಲಿ ಜಪಾನೀ, ಜರ್ಮನ್ ಸಂಸಾರಗಳನ್ನು ಮಕ್ಕಳುಮರಿ ಸಮೇತ ಅಲ್ಲಿ ಕೂಡಿಹಾಕಿದ್ದರಂತೆ. ಏನೂ ಮಾಡದವರೇ ಇಲ್ಲಿ ಇದ್ದು ಹೋಗಿರುವಾಗ ಮಾಡಿದವನು ನಾನು ಗೊಣಗುವುದೇನು ಎಂದಿದ್ದೆ. ದಿನಕ್ಕೆ ಎಷ್ಟೋ ಸಲ ತಲೆ ಎಣಿಸುತ್ತಾರೆ, ಅದರಲ್ಲಿ ಸಂಜೆ ನಾಲ್ಕರ ಎಣಿಕೆಗೆ ಎಲ್ಲರೂ ಮಂಚದ ಪಕ್ಕ ಎದ್ದು ನಿಲ್ಲಲೇಬೇಕು, ತುಟಿ ಬಿಚ್ಚುವಂತಿಲ್ಲ ಎಂದೂ ಬರೆದಿದ್ದೆ. ಇದೇ ಮಾತನ್ನು ಹುಬ್ಬಳ್ಳಿಯಲ್ಲಿದ್ದ ಅವ್ವನಿಗೂ ಬರೆದಿದ್ದೀಯ ಎಂದು ನನಗೆ ಆಮೇಲೆ ತಿಳಿಯಿತು.

2013ರ ಬೇಸಿಗೆಯಲ್ಲಿ ಅವ್ವ ಬಂದರು. ಹ್ಯೂಸ್ಟನ್‌ನಲ್ಲಿ ನಿನ್ನ ತಂಗಿ ಸುಮಂಗಲಾ ಮನೆಗೆ. ಸುಮಂಗಲಾಳ ಗಂಡ ಜೈಲಿನ ಫೋನನ್ನು ಮನೆಯಲ್ಲಿ ಎತ್ತಗೊಡುತ್ತಿರಲಿಲ್ಲ, ಜೈಲಿಗೆ ಕರೆದೊಯ್ಯುವ ಮಾತಂತೂ ದೂರ. ಅದಕ್ಕೇ ನೀನು ನನ್ನನ್ನು ಕೇಳಿದೆ. ಅವ್ವ ಮೂರು ವಾರ ಅಲೆನ್‌ನಲ್ಲಿ ನಿನ್ನ ಮನೆಯಲ್ಲಿರಲಿ, ಒಂದು ಶನಿವಾರ ಕರೆದುಕೊಂಡು ಬಾ, ಸಾಕು ಎಂದು ನನಗೆ ಬರೆದೆ. ಆ ಕಾಗದದ ಜೊತೆ ನೀನು ಎರಡು ಫಾರಂ ಇಟ್ಟಿದ್ದೆ: ಒಂದು ಅವ್ವನಿಗೆ, ಒಂದು ನನಗೆ. ತುಂಬಿ ಜೈಲಿಗೆ ಕಳಿಸಿದರೆ ಅವರು ವಿಚಾರಿಸಿ, ನೋಡಲು ಬರುವವರ ಪಟ್ಟಿಗೆ ಹೆಸರು ಸೇರಿಸುತ್ತಾರೆ. ನಾನು ಖಂಡಿತ ಎಂದು ಬರೆದೆ. ಬರೆದಾಗ ಅದು ಸುಳ್ಳಾಗಿರಲಿಲ್ಲ — ಇದನ್ನಾದರೂ ನಂಬು.

ಅವ್ವ ಬಸ್ಸಿನಿಂದ ಇಳಿದದ್ದೇ ಫಾರಂ ಎಲ್ಲಿ ಅಂದರು. ರಿಟೈರ್ ಆದ ಟೀಚರ್ ಅಲ್ಲವೇ, ಕನ್ನಡಕ ಏರಿಸಿಕೊಂಡು ಅಡುಗೆಮನೆ ಟೇಬಲ್ಲಿನ ಮೇಲೆ ಪರೀಕ್ಷೆಗೆ ಕೂತವರ ಹಾಗೆ ಕೂತರು. ಪ್ರಶ್ನೆಗಳನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ, ಅವರು ದುಂಡಗೆ ಇಂಗ್ಲಿಷಿನಲ್ಲಿ ಬರೆಯುತ್ತಾ ಹೋದರು. ಬಂಧನಕ್ಕೆ ಮೊದಲೇ ಈ ವ್ಯಕ್ತಿ ನಿಮಗೆ ಗೊತ್ತೇ, ಎಷ್ಟು ಕಾಲದಿಂದ ಎಂಬ ಪ್ರಶ್ನೆ ಬಂತು.

"ಹುಟ್ಟೂಕಿಂತ ಒಂಬತ್ತ ತಿಂಗಳ ಮೊದ್ಲಿಂದ ಅಂತ ಬರೀಲೇನವ್ವಾ?" ಅಂದರು.

ಇಬ್ಬರೂ ನಕ್ಕೆವು. ಇಲ್ಲಿಯ ವಿಳಾಸ ಎಂಬಲ್ಲಿ ನನ್ನ ಮನೆಯ ವಿಳಾಸ ಬರೆದು ಸಹಿ ಹಾಕಿ, ನಾಳೆಯೇ ಪೋಸ್ಟ್ ಮಾಡು ಎಂದು ನನ್ನ ಕೈಗೆ ಕೊಟ್ಟರು.

ನನ್ನ ಫಾರಂ ತುಂಬಲು ಕೂತಾಗ ಹೆದರಿಕೆ ಹತ್ತಿತು. ಯಾವ ದೇಶದ ಪ್ರಜೆ, ಕೈದಿಗೂ ನಿಮಗೂ ಏನು ಸಂಬಂಧ, ನಿಮ್ಮ ದಾಖಲೆ ಪರಿಶೀಲಿಸಲು ಒಪ್ಪಿಗೆ ಇದೆಯೇ. ನನ್ನ ಗ್ರೀನ್ ಕಾರ್ಡಿನ ಫೈಲು ಆಗ ಕೊನೆಯ ಹಂತದಲ್ಲಿ ನಿಂತಿತ್ತು, ಆ ಫೈಲಿನ ಮೊದಲ ಹಾಳೆಯಲ್ಲೇ ನಿನ್ನ ಸಹಿ ಇತ್ತು. ವಕೀಲರನ್ನು ಕೇಳಲಿಲ್ಲ, ಕೇಳಿದರೆ ಆ ಎರಡೂವರೆ ತಿಂಗಳ ಕಥೆಯನ್ನೂ ಹೇಳಬೇಕಾಗುತ್ತಿತ್ತು. ವೀಸಾದವರೆಲ್ಲ ಸೇರಿ ಒಬ್ಬರನ್ನೊಬ್ಬರು ಹೆದರಿಸುವ ಆನ್‌ಲೈನ್ ಫೋರಂನಲ್ಲಿ ಹೆಸರು ಮರೆಸಿ ಕೇಳಿದೆ. ಫೆಡರಲ್ ಕಾಗದ ಎಲ್ಲಾ ಒಂದೇ ಕಡೆ ಹೋಗುತ್ತೆ, ಕೈದಿ ಜೊತೆ ಹೆಸರು ಬಂದರೆ ಹಳೇ ಫೈಲ್ ಓಪನ್ ಮಾಡ್ತಾರೆ ಎಂದು ಯಾರೋ ಪುಣ್ಯಾತ್ಮ ಬರೆದ. ಅವನು ಯಾರು, ಏನು ಓದಿದ್ದಾನೆ, ಒಂದೂ ಗೊತ್ತಿಲ್ಲ. ನಿನ್ನ ಮಾತಿಗಿಂತ ಅವನ ಮಾತು ನನಗೆ ಹೆಚ್ಚಾಯಿತು. ನನ್ನ ಫಾರಂ ಡ್ರಾಯರಿಗೆ ಹೋಯಿತು. ಅವ್ವನದ್ದರಲ್ಲೂ ನನ್ನ ಮನೆ ವಿಳಾಸ ಇತ್ತಲ್ಲ — ಅದೂ ಡ್ರಾಯರಿಗೆ ಹೋಯಿತು.

ಅವರೊಬ್ಬರ ಫಾರಂ ಕಳಿಸಿ, ಗೇಟಿನ ಹತ್ತಿರ ಬಿಟ್ಟು ನಾನು ಹೊರಗೆ ಕಾಯಬಹುದಿತ್ತು. ಸುಮಂಗಲಾಳ ವಿಳಾಸ ಬರೆಸಿ ಹೊಸ ಫಾರಂ ತುಂಬಿಸಬಹುದಿತ್ತು. ಈಗ ಸಾಲಾಗಿ ಹೊಳೆಯುತ್ತವೆ. ಆಗಲೂ ಹೊಳೆಯುತ್ತಿದ್ದವೇನೋ, ಹೊಳೆಯಲು ನಾನೇ ಬಿಡಲಿಲ್ಲ.

ಅವ್ವ ದಿನಾ ಮೇಲ್‌ಬಾಕ್ಸ್ ನೋಡಿಕೊಂಡು ಬರುತ್ತಿದ್ದರು. ಖಾಕಿ, ಹಸಿರು ಬಣ್ಣ ಉಟ್ಟು ಬಂದವರನ್ನು ಒಳಗೆ ಬಿಡುವುದಿಲ್ಲ ಎಂದು ನೀನು ಬರೆದಿದ್ದಕ್ಕೆ, ಒಂದು ಕೆಂಪು ಸೀರೆ ಇಸ್ತ್ರಿ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿಟ್ಟಿದ್ದರು. ಎರಡನೇ ವಾರದ ಕೊನೆಗೆ ನಾನು ಆ ಮಾತು ಹೇಳಿದೆ.

"ಅವರು ಪರ್ಮಿಷನ್ ಕೊಡಲಿಲ್ಲ ಅಮ್ಮ."

ಅವ್ವ ಸೀರೆ ಮಡಚಿ ಪೆಟ್ಟಿಗೆಯಲ್ಲಿಟ್ಟು, ಅಕ್ಕಿ ಆರಿಸಲು ಕೂತರು. ಇಲ್ಲಿಯ ಅಕ್ಕಿಯಲ್ಲಿ ಕಲ್ಲೇ ಇರುವುದಿಲ್ಲ.

ಇನ್ನೊಂದು ನೀನು ತಿಳಿಯಬೇಕು. ಸಂಜೆ ನಾಲ್ಕಕ್ಕೆ ಸರಿಯಾಗಿ ಅವ್ವ ಎಲ್ಲಿದ್ದರೂ ಎದ್ದು ನಿಲ್ಲುತ್ತಿದ್ದರು. ಟೀವಿ ಮುಂದೆ ಇದ್ದರೆ ಟೀವಿ ಮುಂದೆ, ಸಿಂಕಿನ ಹತ್ತಿರ ಇದ್ದರೆ ಅಲ್ಲೇ. ಐದು ಹತ್ತು ನಿಮಿಷ, ಮಾತಿಲ್ಲ. ಮಂಡಿನೋವಿಗೆ ವ್ಯಾಯಾಮ ಎಂದುಕೊಂಡಿದ್ದೆ. ಒಂದು ದಿನ ಕೇಳಿದ್ದಕ್ಕೆ, ಅಲ್ಲಿ ಅವನನ್ನು ಎಣಿಸುವ ಹೊತ್ತು, ಅವನೊಬ್ಬನೇ ಯಾಕೆ ನಿಲ್ಲಬೇಕು ಎಂದರು. ಆಗಲೂ ನಾನು ಡ್ರಾಯರ್ ತೆಗೆಯಲಿಲ್ಲ, ಗಿರೀಶ.

ಹ್ಯೂಸ್ಟನ್‌ಗೆ ವಾಪಸ್ ಹೋಗುವ ಹಿಂದಿನ ದಿನ, ಒಳಗೆ ಬಿಡದಿದ್ದರೆ ಹೋಗಲಿ, ಆ ಕಟ್ಟಡವನ್ನಾದರೂ ತೋರಿಸು ಎಂದು ಹಟ ಹಿಡಿದರು. ಆಫೀಸಿಗೆ ರಜೆ ಹಾಕಿ ಡ್ರೈವ್ ಮಾಡಿದೆ. ಡೌನ್‌ಟೌನ್ ದಾಟಿ, ಹೈವೇ ಇಳಿದು, ರಸ್ತೆಯ ಆಚೆ ಬದಿಯಲ್ಲಿ, ಆದಷ್ಟು ದೂರ ಕಾರು ನಿಲ್ಲಿಸಿದೆ. ಕೆಂಪು ಇಟ್ಟಿಗೆಯ ಕಟ್ಟಡಗಳು, ಹುಲ್ಲು, ದೊಡ್ಡ ಮರಗಳು. ಸುತ್ತ ಎರಡು ಸುತ್ತಿನ ಬೇಲಿ ಇರದಿದ್ದರೆ ಕಾಲೇಜು ಅನ್ನಬೇಕು, ಅವ್ವನೂ ಹಾಗೇ ಅಂದರು. ಒಳಗೆ ಗಂಡಸರು ಸುತ್ತು ಹಾಕುತ್ತಿದ್ದರು, ಅಷ್ಟು ದೂರದಿಂದ ಎಲ್ಲರೂ ಒಂದೇ. ಅವ್ವ ಕಿಟಕಿಯ ಗಾಜು ಇಳಿಸಿ ತುಂಬಾ ಹೊತ್ತು ನೋಡಿದರು.

"ಅಗೋ, ಅವನs. ಎಡಗಾಲು ಎಳದು ನಡೀತಾನ ನೋಡು, ಸಣ್ಣಾಂವ ಇದ್ದಾಗ ಬಿದ್ದಿದ್ದ."

ನೀನಾಗಿದ್ದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ಏನೋ ಕೂಗಿದರು, ಅಂಗಳ ಖಾಲಿಯಾಯಿತು. ಅವ್ವ ಗಡಿಯಾರ ನೋಡಿಕೊಂಡು ಕಾರಿನಿಂದ ಇಳಿದರು. ಆ ಸುಡುಬಿಸಿಲಲ್ಲಿ, ರಸ್ತೆ ಬದಿಯ ಒಣ ಹುಲ್ಲಿನ ಮೇಲೆ, ಕೈ ಕೆಳಗೆ ಬಿಟ್ಟು ನೆಟ್ಟಗೆ ನಿಂತರು. ನಾನು ಇಳಿಯಲಿಲ್ಲ. ಎಲ್ಲಾದರೂ ಕ್ಯಾಮೆರಾದಲ್ಲಿ ಬಿದ್ದುಬಿಟ್ಟೇನೆಂದು ಕಪ್ಪು ಕನ್ನಡಕ ಹಾಕಿಕೊಂಡು, ಸೀಟಿನಲ್ಲಿ ಕೆಳಗೆ ಜಾರಿ ಕೂತಿದ್ದೆ. ನಿನ್ನ ಅವ್ವ ಅಲ್ಲಿ ನಿಂತಿದ್ದರು, ನಾನು ಹೀಗೆ ಕೂತಿದ್ದೆ. ಆರು ವರ್ಷದಿಂದ ನನಗೆ ಕಾಣುವುದು ಇದೇ. ಆಮೇಲೆ ಬಂದು ಕೂತು, ಎಣಿಕಿ ಮುಗಿದಿರತದ, ನಡಿ ಎಂದರು.

ದಾರಿಯಲ್ಲಿ, ಇದನ್ನು ಅವನಿಗೆ ಬರೆಯಬೇಕು ಎಂದರು. ಅವರೇ ಬರೆದರೆ ನನ್ನ ಸುಳ್ಳು ಹೊರಬೀಳುತ್ತಿತ್ತು. ಹುಬ್ಬಳ್ಳಿಯಿಂದ ಬಂದ ಕನ್ನಡ ಕಾಗದಗಳು ಅಲ್ಲಿ ಓದಿ ತಪಾಸಣೆ ಮಾಡುವವರಿಲ್ಲದೆ ತಡವಾಗಿ ಕೈಸೇರುತ್ತವೆ ಎಂದು ನೀನು ಹಿಂದೆ ಹೇಳಿದ್ದೆ, ಅದೇ ನನಗೆ ನೆಪವಾಯಿತು. ಹಾಗಾದರೆ ನೀನೇ ಇಂಗ್ಲಿಷಿನಲ್ಲಿ ಬರೆ, ನಾ ಹೇಳತೀನಿ ಎಂದರು.

"ಬೇಲಿ ತನಕ ಬಂದಿದ್ದೆ, ನಿನ್ನ ನೋಡಿದೆ, ಇನ್ನ ನನಗ ಚಿಂತಿಲ್ಲ ಅಂತ ಬರಿ. ನಾಕಕ್ಕ ನಾನೂ ನಿಂತಿರತೀನಿ ಅಂತ ಬರಿ."

ಬರೆಯುತ್ತೇನೆ ಅಂದೆ. ಒಂದು ಸುಳ್ಳಿಗೆ ಹತ್ತು ಸುಳ್ಳು ಎನ್ನುವುದು ಸುಮ್ಮನೆ ಅಲ್ಲ. ಪರ್ಮಿಷನ್ ಸಿಗಲಿಲ್ಲ ಎಂದು ನಿನಗೆ ಬರೆಯುವಂತಿರಲಿಲ್ಲ, ಫಾರಂ ಬಂದೇ ಇಲ್ಲ ಎಂದು ಒಳಗಿರುವ ನಿನಗೆ ಗೊತ್ತು. ಅವ್ವನಿಗೇ ಬರಲು ಮನಸ್ಸಿಲ್ಲ ಎನ್ನುವುದೊಂದೇ ಉಳಿದಿದ್ದ ದಾರಿ. ಅವರನ್ನು ಬಸ್ಸು ಹತ್ತಿಸಿ ಬಂದು, ಅವರು ಕೂರುತ್ತಿದ್ದ ಕುರ್ಚಿಯಲ್ಲೇ ಕೂತು ಅದನ್ನು ಬರೆದೆ. ಅದನ್ನು ಮಾತ್ರ ತಡಮಾಡದೆ ಅಂಚೆಗೆ ಹಾಕಿದೆ.

ನೀನು ಒಂದೇ ಪದದ ಉತ್ತರ ಬರೆದೆ: "ಅರ್ಥವಾಯಿತು." ಆಮೇಲೆ ಹುಬ್ಬಳ್ಳಿಗೆ ನಿನ್ನ ಕಾಗದ ಹೋಗಲಿಲ್ಲ. ಊರು ಸೇರಿದ ಮೇಲೆ ಅವ್ವ ನನಗೆ ಎರಡು ಸಲ ಫೋನ್ ಮಾಡಿ, ಅವನ ಉತ್ತರ ಬಂತೇ ಎಂದು ಕೇಳಿದರು. ಬರುತ್ತೆ ಅಮ್ಮ, ಅಲ್ಲಿ ನಿಧಾನ ಎಂದೆ. ಆರನೇ ವಾರ ಅವರು ಹೋಗಿಬಿಟ್ಟರು. ಜೈಲಿನಲ್ಲಿ ಯಾರೋ ನಿನ್ನನ್ನು ಆಫೀಸಿಗೆ ಕರೆದು ಸುದ್ದಿ ಹೇಳಿದರಂತೆ. ನನ್ನ ಗ್ರೀನ್ ಕಾರ್ಡು ಮರುವರ್ಷ ಅಂಚೆಯಲ್ಲಿ ಬಂತು, ಒಂದು ಪ್ರಶ್ನೆಯನ್ನೂ ಯಾರೂ ಕೇಳಲಿಲ್ಲ. ತಮ್ಮ ಫೈಲು ನನ್ನದರ ಹಾಗೇ ನಿಂತಿದ್ದಾಗಲೇ ಅಂಥದೇ ಜೈಲಿಗೆ ಹೋಗಿ ಭಾವಮೈದುನನನ್ನು ನೋಡಿ ಬಂದ ಒಬ್ಬರ ಪರಿಚಯ ಆಮೇಲೆ ಆಯಿತು. ಅವರಿಗೆ ಏನೂ ಆಗಿರಲಿಲ್ಲ. ಆಗಿದ್ದರೂ ನಾನು ಮಾಡಿದ್ದು ಸರಿಯಾಗುತ್ತಿರಲಿಲ್ಲ, ಬಿಡು.

ನೀನು ಹೊರಗೆ ಬಂದು, ಆಸ್ಟಿನ್‌ಗೆ ಶಿಫ್ಟ್ ಆಗಿ, ಕಿರಾಣಿ ಅಂಗಡಿ ನೋಡಿಕೊಂಡು ಇದ್ದೀಯ. ಸುಮಂಗಲಾ ಜೊತೆ ನಿನಗೆ ಮಾತಿಲ್ಲ. ಇದ್ದಿದ್ದರೆ ನನ್ನ ಬಣ್ಣ ಎಂದೋ ಬಯಲಾಗುತ್ತಿತ್ತು, ನಿಮ್ಮಿಬ್ಬರ ಮುನಿಸಿನ ನೆರಳಲ್ಲಿ ನಾನು ಹಾಯಾಗಿದ್ದೆ. ಕಳೆದ ತಿಂಗಳು ಫ್ಲವರ್ ಮೌಂಡ್ ಊರಿನಲ್ಲಿ ಪರಿಚಯದವರ ಗೃಹಪ್ರವೇಶದಲ್ಲಿ ನೀನೂ ನಾನೂ ಅಕ್ಕಪಕ್ಕ ಊಟಕ್ಕೆ ಕೂತಿದ್ದೆವು. ಆ ಮನೆಯವರ ತಾಯಿ ಎಲ್ಲರನ್ನೂ ಮಾತಾಡಿಸುತ್ತಾ ಓಡಾಡುತ್ತಿದ್ದರು. ನೀನು ಅವರನ್ನೇ ನೋಡುತ್ತಾ, ತಟ್ಟೆಗೆ ಹೇಳುವ ಹಾಗೆ ಹೇಳಿದೆ.

"ಅವ್ವ ನನ್ನ ಮಾರಿ ನೋಡಾಕ ಒಲ್ಲೆ ಅಂದ್ಲಲ್ಲ, ಅದs ನನಗಾದ ಶಿಕ್ಷಾ. ಉಳದದ್ದೆಲ್ಲಾ ಬರೇ ಎಣಿಕಿ."

ನಾನು ನಿನಗೆ ಕೋಸಂಬರಿ ಬಡಿಸಿದೆ. ಅಷ್ಟೇ ಮಾಡಿದೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನಿನಗೆ ಇನ್ನೊಂದು ಕೆಲಸ ಹಚ್ಚಿದ ಹಾಗೆ. ಇದೇ ಕಾಗದದ ಒಂದು ಪ್ರತಿಯನ್ನು ಸುಮಂಗಲಾಗೂ ಕಳಿಸುತ್ತಿದ್ದೇನೆ. ಜನರಿಗೆ ಹೇಳಬೇಕು ಅನ್ನಿಸಿದರೆ ಹೇಳು, ನಾನು ಇಲ್ಲ ಅನ್ನುವುದಿಲ್ಲ. ನನ್ನ ಫಾರಂ ಹರಿದು ಹಾಕಿದೆ. ಅವ್ವನದು ಇದರ ಜೊತೆಗಿದೆ, ಆರು ವರ್ಷದ ಹಿಂದೆಯೇ ನಿನ್ನ ಕಡೆಗೆ ಹೊರಡಬೇಕಾಗಿದ್ದದ್ದು. ಮಡಿಕೆ ಬಿಚ್ಚುವಾಗ ನಿಧಾನ, ಹಾಳೆ ಅಲ್ಲಿ ತೆಳುವಾಗಿದೆ. ಈ ಕೈದಿಯನ್ನು ಭೇಟಿಯಾಗಲು ನಿಮಗೆ ಇಚ್ಛೆ ಇದೆಯೇ ಎಂದು ಒಂದು ಪ್ರಶ್ನೆ ಇದೆ, ನೋಡು. ಅವ್ವ ಚೌಕದಲ್ಲಿ ಟಿಕ್ ಹಾಕಿದ್ದಾರೆ. ಅದು ಸಾಲದೆಂದು ಪಕ್ಕದಲ್ಲಿ ಕನ್ನಡದಲ್ಲಿ ಹೌದು ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದಾರೆ.