ಟವೆಲ್ಲಿಗೆ ಟಿಕೆಟ್ ಐತಾ?

ಉದ್ಯೋಗ ಹುಡುಕುವವರ ಜಾಲತಾಣವೊಂದರಲ್ಲಿ ನನಗೀಗ ಮುನ್ನೂರ ಹನ್ನೆರಡು ಜನ ವೃತ್ತಿಬಂಧುಗಳಿದ್ದಾರೆ. ಅವರಲ್ಲಿ ಒಬ್ಬರಿಗೂ ನಾನು ಯಾರೆಂದು ಗೊತ್ತಿಲ್ಲ, ಅವರು ಯಾರೆಂದು ನನಗೂ ಗೊತ್ತಿಲ್ಲ. ಇದನ್ನು ಸಂಪರ್ಕ ಎಂದು ಕರೆದ ಪುಣ್ಯಾತ್ಮ ಚರ್ಚಾಸ್ಪರ್ಧೆಯಲ್ಲಿ ಎದುರು ಸಿಕ್ಕಿದ್ದರೆ ಎರಡೇ ನಿಮಿಷದಲ್ಲಿ ಬಾಯಿ ಮುಚ್ಚಿಸುತ್ತಿದ್ದೆ.

ಸಿಕ್ಕಿದ್ದು ಮಾತ್ರ ನಮ್ಮ ಕಾಲೇಜಿನ ಪ್ಲೇಸ್‌ಮೆಂಟ್ ಮೇಡಂ. "ಡಿಗ್ರಿ ಎಲ್ಲಾರ ಹತ್ರಾನೂ ಐತೆ ಕಣಮ್ಮ. ಆನ್‌ಲೈನಲ್ಲಿ ನಾಲ್ಕು ಜನರ ಪರಿಚಯ ಮಾಡ್ಕೋ," ಅಂದರು. ಮಾಡಿಕೊಂಡೆ. ಯಾಕೆಂದರೆ ಸಕಲೇಶಪುರದ ಒಂದು ಕಾಫಿ ಲ್ಯಾಬಿನಲ್ಲಿ ಟ್ರೈನಿ ಜಾಗ ಖಾಲಿಯಿತ್ತು, ಒಂದೇ ಒಂದು. ಹುರಿದ ಪುಡಿಗೆ ಕುದಿನೀರು ಹಾಕಿ, ಚಮಚದಲ್ಲಿ ಸುರ್ರೆಂದು ಹೀರಿ, ಇದರಲ್ಲಿ ಮಣ್ಣಿನ ವಾಸನೆಯಿದೆ ಎಂದು ಹೇಳುವ ಕೆಲಸ. ತಪ್ಪು ಹುಡುಕಿದ್ದಕ್ಕೆ ಸಂಬಳ! ನನಗೆಂದೇ ಹುಟ್ಟಿದ ಉದ್ಯೋಗ ಅದು.

ಲ್ಯಾಬಿನ ಮುಖ್ಯಸ್ಥರು ಆ ತಾಣದಲ್ಲಿದ್ದರು. ಫೋಟೊದಲ್ಲಿ ಕೋಟು, ಟೈ, ಕಟ್ಟಿದ ಕೈ, ಬೆನ್ನ ಹಿಂದೆ ನಮ್ಮ ತಾಲ್ಲೂಕಿನಲ್ಲೆಲ್ಲೂ ಇಲ್ಲದ ಗಾಜಿನ ಕಟ್ಟಡ. ಎಲ್ಲರೂ ಹೀಗೆ ಬರೆಯುತ್ತಾರೆಂದು ನಾನೂ ಬರೆದೆ: "ಮಾನ್ಯರೇ, ತಮ್ಮ ತಾಳ್ಮೆ ಮತ್ತು ವಿನಯ ನನಗೆ ಸ್ಫೂರ್ತಿ." ಅವರ ತಾಳ್ಮೆಯನ್ನು ನಾನು ಎಲ್ಲಿ ಕಂಡಿದ್ದೆ? ಹೊಗೆ ಕಂಡರೆ ಬೆಂಕಿಯಿದೆ ಎಂದು ಊಹಿಸಬಹುದು ಎನ್ನುತ್ತದೆ ತರ್ಕಶಾಸ್ತ್ರ. ಆ ತಾಣದಲ್ಲಿ ಬೆಂಕಿಯೇ ಇಲ್ಲದೆ ಎಲ್ಲರೂ ಹೊಗೆ ಬಿಡುತ್ತಾರೆ, ನಾನೂ ಬಿಟ್ಟೆ. ಒಂಬತ್ತು ದಿನ ಉತ್ತರವಿಲ್ಲ.

ನಮ್ಮ ಕಡೆ ಪರಿಚಯಕ್ಕೆ ಮೂರೇ ಪ್ರಶ್ನೆ. ಯಾವೂರು, ಯಾರ ಮಗಳು, ಅಮ್ಮನ ಕಡೆ ಯಾವೂರು? ಮೂರು ಮುಗಿಯುವಷ್ಟರಲ್ಲಿ ಇಬ್ಬರಿಗೂ ಬೇಕಾದ ಒಬ್ಬ ಚಿಕ್ಕಪ್ಪ ಎಲ್ಲಿಂದಲೋ ಎದ್ದು ಬರುತ್ತಾನೆ. ಇದು ಹಳೇ ಪದ್ಧತಿ, ವ್ಯಕ್ತಿಗೆ ಬೆಲೆಯಿಲ್ಲದ ಪದ್ಧತಿ ಎಂದು ಇದರ ವಿರುದ್ಧ ವಾದಿಸಿ ಕಪ್ ಗೆದ್ದವಳು ನಾನು.

ಹತ್ತನೆಯ ದಿನ, ಸೋಮವಾರ. ನಮ್ಮೂರು ಹೆತ್ತೂರಿನಿಂದ ಹೊರಡುವ ಬೆಳಗಿನ ಬಸ್ಸು. ಅದರ ಕಿಟಕಿಯಿಂದ ಯಾರೋ ಸೀಟಿಗೆ ಟವೆಲ್ ಎಸೆದಿದ್ದರು. ಟವೆಲ್ ಬಿದ್ದ ಸೀಟಿಗೆ ನಮ್ಮೂರಲ್ಲಿ ಯಾರೂ ಕೈ ಹಾಕುವುದಿಲ್ಲ. ಉತ್ತರ ಬಾರದ ಸಿಟ್ಟೆಲ್ಲ ಆ ಟವೆಲ್ಲಿನ ಮೇಲೆ ತಿರುಗಿತು. ಮಡಚಿ ಪಕ್ಕಕ್ಕಿಟ್ಟು ಕೂತೆ. ಮಂಕಿಕ್ಯಾಪ್ ಹಾಕಿದ ಒಬ್ಬರು ನೂಕುನುಗ್ಗಲಲ್ಲಿ ಹತ್ತಿ ಬಂದರು.

"ಟವೆಲ್ ಕಾಣ್ಸಲಿಲ್ವೇನಮ್ಮ?"

"ಕಾಣ್ಸ್ತು ಸಾರ್. ಟವೆಲ್ಲಿಗೆ ಟಿಕೆಟ್ ಐತಾ?"

ಟಿಕೆಟ್ಟಿಲ್ಲದ ಬಟ್ಟೆ ಸೀಟಿನ ಮೇಲೆ ಹಕ್ಕು ಸಾಧಿಸಲಾರದು ಎಂದು ಮೂರು ಅಂಶಗಳಲ್ಲಿ ಮಂಡಿಸಿದೆ. ಪಕ್ಕದಲ್ಲಿದ್ದ ಅಜ್ಜಿ ಬಾಯಿಗೆ ಸೆರಗು ಹಿಡಿದರು.

"ಲಾಯರ್ ಓದ್ತಿದೀಯಾ?"

"ಕೆಮಿಸ್ಟ್ರಿ."

"ಅದ್ಕೇ ಇಷ್ಟೊಂದು ಆಸಿಡ್ಡು!" ಎಂದರು. ಬಸ್ಸೆಲ್ಲ ನಕ್ಕಿತು. ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಸಕಲೇಶಪುರದವರೆಗೂ ನಿಂತೇ ಬಂದರು.

ಸಂಜೆ ಫೋನಿಗೆ ಉತ್ತರ ಬಂತು. ಕೋಟು ಟೈನವರದು. "ನನ್ನ ತಾಳ್ಮೆ ಮೆಚ್ಕೊಂಡು ಬರ್ದಿದ್ದೆ. ಇವತ್ತು ಬಸ್ಸಲ್ಲಿ ನಾನು ಟವೆಲ್ ಹೊತ್ಕೊಂಡು ನಿಂತಿದ್ದಾಗ ನೀನೇ ಅದನ್ನ ಕಣ್ಣಾರೆ ನೋಡ್ದೆ ಅನ್ಕೋತೀನಿ. ನಿನ್ನ ಫೋಟೊ ನೋಡಿ ಗುರುತು ಹಿಡ್ದೆ. ನನ್ನ ಹೆಂಡ್ತಿ ಊರೂ ಹೆತ್ತೂರೇ ಕಣಮ್ಮ. ಲ್ಯಾಬಿಗೆ ತಕರಾರು ಮಾಡೋರೇ ಬೇಕು, ಆದ್ರೆ ರುಚಿ ನೋಡಿದ್ಮೇಲೆ ಮಾಡ್ಬೇಕು. ಮುಂದಿನ ಸೋಮವಾರ ಇಂಟರ್‌ವ್ಯೂಗೆ ಬಾ. ನಾನೂ ಅದೇ ಬಸ್ಸಿಗೆ ಬರ್ತೀನಿ."

ಬಸ್ಸಿನಲ್ಲಿ ಆ ಮೂರು ಪ್ರಶ್ನೆಗಳಲ್ಲಿ ಮೊದಲನೆಯದನ್ನು ಕೇಳಿದ್ದರೂ ಸಾಕಿತ್ತು! ಗೆದ್ದ ಕಪ್ಪನ್ನು ಶೋಕೇಸಿನಲ್ಲಿ ಗೋಡೆಯ ಕಡೆ ತಿರುಗಿಸಿಟ್ಟೆ.

ಸೋಮವಾರ ಅರ್ಧ ಗಂಟೆ ಮೊದಲೇ ಹೋದೆ. ಬಸ್ಸು ನಿಲ್ಲುವ ಮೊದಲೇ ವೇಲನ್ನು ಸುತ್ತಿ ಕಿಟಕಿಯೊಳಗೆ ಎಸೆದೆ. ಎರಡು ಸೀಟಿನ ಉದ್ದಕ್ಕೂ ಹರಡಿಕೊಂಡಿತು. ಹತ್ತಿದರೆ ಅದೇ ಅಜ್ಜಿ, ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾರೆ.

"ಏನವ್ವಾ, ಈ ವೇಲಿಗೆ ಟಿಕೆಟ್ ಐತಾ?"

ಬಾಯಲ್ಲಿ ಮೂರು ಅಂಶಗಳು ಸಿದ್ಧವಾಗಿದ್ದವು, ನುಂಗಿಕೊಂಡೆ.

"ಇಲ್ಲ ಅಜ್ಜಿ. ಪರಿಚಯದೋರು ಬರ್ತಾವ್ರೆ."

"ಹಂಗನ್ನು ಮತ್ತೆ," ಎಂದು ಅಜ್ಜಿ ಹಿಂದಿನ ಸೀಟಿಗೆ ಹೋದರು.